ಕಾಯುವ ಕಣ್ಣು: ಇರುಳ ಬಾನಿನ ಛಾಯಾಗ್ರಹಣ

ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗುವ ಸಭೆ ಸಮಾರಂಭಗಳ ಭಾವಚಿತ್ರಗಳೆಲ್ಲ ಕ್ಷಣಾರ್ಧದಲ್ಲಿ ಹುಟ್ಟಿದವು. ಛಾಯಾಗ್ರಾಹಕನು ಗುಂಡಿಯನ್ನು ಒತ್ತಿದೊಡನೆ ಕ್ಯಾಮರಾದ ಕವಾಟವು ಸೆಕೆಂಡಿನ ಅರವತ್ತನೆಯ ಒಂದು ಪಾಲಿನಷ್ಟು ಕಾಲ ತೆರೆದು ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಚಿತ್ರ ಮೂಡಿರುತ್ತದೆ. ಅದೇ ಕ್ಯಾಮರಾವನ್ನು ಇರುಳಿನಲ್ಲಿ ಆಕಾಶದತ್ತ ತಿರುಗಿಸಿ ಅಷ್ಟೇ ಕಾಲ ತೆರೆದರೆ ದೊರೆಯುವುದು ಬರಿಯ ಕತ್ತಲೆ. ಕವಾಟವನ್ನು ನಿಮಿಷಗಟ್ಟಲೆ, ಗಂಟೆಗಟ್ಟಲೆ ತೆರೆದಿಟ್ಟು ಕಾದರೆ ಮಾತ್ರ ಬರಿಗಣ್ಣಿಗೆ ಕಾಣದ ನಕ್ಷತ್ರಗಳೂ ನೀಹಾರಿಕೆಗಳೂ ಒಂದೊಂದಾಗಿ ಮೈದೋರುತ್ತವೆ. ಈ ವಿಧಾನವು ಹೇಗೆ ನಡೆಯುತ್ತದೆ, ಅದರಿಂದ ಮಾನವನ ಅರಿವಿಗೆ ಸಂದುದೇನು, ನಮ್ಮ ವಿದ್ಯಾರ್ಥಿಗಳಿಗೆ ಅದು ಎಷ್ಟರಮಟ್ಟಿಗೆ ಎಟುಕಬಲ್ಲುದು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು. ಸೆಕೆಂಡಿನ ಸುಮಾರು ಹತ್ತನೆಯ ಒಂದು ಪಾಲಿನಲ್ಲಿ ಬಂದ ಬೆಳಕನ್ನು ಮೆದುಳಿಗೆ ಒಪ್ಪಿಸಿ, ಮತ್ತೆ ಬರಿದಾಗಿ ಹೊಸ ಬೆಳಕಿಗೆ ಅಣಿಯಾಗುತ್ತದೆ. ಕತ್ತಲೆಗೆ ಒಮ್ಮೆ ಹೊಂದಿಕೊಂಡ ಮೇಲೆ ಎಷ್ಟು ಹೊತ್ತು ದಿಟ್ಟಿಸಿದರೂ ಹೆಚ್ಚಿನದೇನೂ ಕಾಣದು. ಛಾಯಾಫಲಕದ ರೀತಿ ಬೇರೆ. ತೊಟ್ಟಿಕ್ಕುವ ನಲ್ಲಿಯ ಕೆಳಗಿಟ್ಟ ಕೊಡದಂತೆ ಅದು ಹನಿಹನಿಯಾಗಿ ಬಿದ್ದ ಬೆಳಕನ್ನೆಲ್ಲ ಸಂಗ್ರಹಿಸಿಕೊಳ್ಳುತ್ತದೆ. ಕಾಲವೇ ಇಲ್ಲಿ ಬಂಡವಾಳ.

ಈ ಕಲೆಯ ಇತಿಹಾಸವು ಸ್ವಾರಸ್ಯಕರವಾದುದು. 1840ರಲ್ಲಿ ಅಮೆರಿಕದ ಜಾನ್ ವಿಲಿಯಂ ಡ್ರೇಪರ್ ಅವರು ಚಂದ್ರನ ಚಿತ್ರವನ್ನು ತೆಗೆದರು. 1850ರಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಅಭಿಜಿತ್ ನಕ್ಷತ್ರದ ಬಿಂಬವು ಫಲಕದ ಮೇಲೆ ಮೂಡಿತು. ಸೂರ್ಯನನ್ನು ಬಿಟ್ಟರೆ ಛಾಯಾಚಿತ್ರಕ್ಕೆ ಸಿಕ್ಕ ಮೊದಲ ನಕ್ಷತ್ರವದು. ಅನಂತರ ಬಳಕೆಗೆ ಬಂದ ಕೊಲೋಡಿಯನ್ ಫಲಕಗಳನ್ನು ಒದ್ದೆಯಾಗಿರುವಾಗಲೇ ಬಳಸಬೇಕಾಗಿತ್ತು. ಕೆಲವೇ ನಿಮಿಷಗಳಲ್ಲಿ ಅವು ಒಣಗಿಹೋಗುತ್ತಿದ್ದುದರಿಂದ ದೀರ್ಘಕಾಲ ಕಾಯುವ ಮಾತೇ ಇರಲಿಲ್ಲ. ಜೆಲಟಿನ್ ಲೇಪಿಸಿದ ಒಣ ಫಲಕಗಳು ಬಂದ ಮೇಲೆ ಈ ಕಟ್ಟು ಸಡಿಲವಾಯಿತು. 1880ರ ಸೆಪ್ಟೆಂಬರ್ 30ರಂದು ಜಾನ್ ಡ್ರೇಪರರ ಮಗ ಹೆನ್ರಿ ಡ್ರೇಪರ್ ಅವರು 51 ನಿಮಿಷಗಳ ಕಾಲ ಫಲಕವನ್ನು ತೆರೆದಿಟ್ಟು ಮಹಾವ್ಯಾಧದ ನೀಹಾರಿಕೆಯನ್ನು ಸೆರೆಹಿಡಿದರು. ಮೂರು ವರ್ಷಗಳೊಳಗೆ ಇಂಗ್ಲೆಂಡಿನ ಆಂಡ್ರೂ ಕಾಮನ್ ಅವರು ತೆಗೆದ ಅದೇ ನೀಹಾರಿಕೆಯ ಚಿತ್ರದಲ್ಲಿ, ದೂರದರ್ಶಕದೊಳಗೆ ಕಣ್ಣಿಟ್ಟು ನೋಡಿದರೂ ಕಾಣದಿದ್ದ ನಕ್ಷತ್ರಗಳು ಗೋಚರಿಸಿದವು. ಅಂದಿನಿಂದ ಕ್ಯಾಮರಾ ಕಣ್ಣಿನ ಸೇವಕನಾಗಿ ಉಳಿಯದೆ ಅದಕ್ಕೆ ದಾರಿ ತೋರುವ ಗುರುವಾಯಿತು.

1888ರಲ್ಲಿ ಐಸಾಕ್ ರಾಬರ್ಟ್ಸ್ ಅವರು ತೆಗೆದ ದೀರ್ಘ ಪ್ರಕಾಶನದ ಚಿತ್ರವು ದೇವಯಾನಿ ನೀಹಾರಿಕೆಯ ಸುರುಳಿಯಾಕಾರವನ್ನು ಬಯಲಿಗೆ ತಂದಿತು. 1923ರಲ್ಲಿ ಎಡ್ವಿನ್ ಹಬಲ್ ಅವರು ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ತೆಗೆದ ಫಲಕವನ್ನು ಹಳೆಯ ಫಲಕಗಳೊಡನೆ ಹೋಲಿಸಿ ನೋಡಿದಾಗ, ಅಲ್ಲಿನ ಒಂದು ಚುಕ್ಕಿ ಕ್ರಮವಾಗಿ ಬೆಳಗಿ ಮಂಕಾಗುತ್ತಿರುವುದನ್ನು ಕಂಡರು. ಆ ಏರಿಳಿತದ ಅವಧಿಯಿಂದ ಅದರ ನಿಜವಾದ ಪ್ರಭೆಯನ್ನೂ, ಪ್ರಭೆಯಿಂದ ದೂರವನ್ನೂ ಲೆಕ್ಕಹಾಕಲಾಗಿ, ದೇವಯಾನಿಯು ನಮ್ಮ ಆಕಾಶಗಂಗೆಯ ಆಚೆಗಿರುವ ಮತ್ತೊಂದು ನಕ್ಷತ್ರಲೋಕವೆಂದು ಸಿದ್ಧವಾಯಿತು. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳೆಂದು ಈಗ ಗೊತ್ತಾಗಿದೆ. ವಿಶ್ವದ ವಿಸ್ತಾರದ ಬಗೆಗಿನ ನಮ್ಮ ಕಲ್ಪನೆ ಬದಲಾದುದು ಗಾಜಿನ ಫಲಕದ ಮೇಲಿನ ಒಂದು ಚುಕ್ಕಿಯಿಂದ.

ದೀರ್ಘಕಾಲ ಕಾಯುವಾಗ ಒಂದು ತೊಡಕುಂಟು. ಭೂಮಿಯು ತಿರುಗುತ್ತಿರುವುದರಿಂದ ಆಕಾಶವು ಗಂಟೆಗೆ 15 ಅಂಶಗಳಷ್ಟು ಸರಿಯುವಂತೆ ತೋರುತ್ತದೆ. ಅಲುಗದ ಕ್ಯಾಮರಾದಲ್ಲಿ ನಕ್ಷತ್ರಗಳು ಚುಕ್ಕಿಗಳಾಗಿ ಉಳಿಯದೆ ಗೆರೆಗಳಾಗುತ್ತವೆ. ಇದನ್ನು ತಪ್ಪಿಸಲು ದೂರದರ್ಶಕವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ನಿಲ್ಲಿಸಿ, ನಕ್ಷತ್ರಗಳ ವೇಗದಲ್ಲೇ ತಿರುಗಿಸುತ್ತಾರೆ. ಹಿಂದಿನ ಖಗೋಳಜ್ಞರು ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಕುಳಿತು, ಒಂದು ಮಾರ್ಗದರ್ಶಕ ನಕ್ಷತ್ರವು ಅಡ್ಡಗೆರೆಗಳ ನಡುವಿನಿಂದ ಕದಲದಂತೆ ಕೈಯಿಂದಲೇ ತಿದ್ದುತ್ತಿದ್ದರು. ಕಾಯಕನಿಷ್ಠೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂದು ಗಾಜಿನ ಫಲಕದ ಸ್ಥಾನದಲ್ಲಿ ಸಿಲಿಕಾನ್ ಸಂವೇದಕವಿದೆ. ಇಲ್ಲಿ ಒಂದೇ ದೀರ್ಘ ಚಿತ್ರಕ್ಕೆ ಬದಲಾಗಿ ಹಲವು ಕಿರುಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಬಹುದು. ನೂರು ಚಿತ್ರಗಳನ್ನು ಕೂಡಿಸಿದರೆ ನಕ್ಷತ್ರದ ಬೆಳಕು ನೂರು ಪಟ್ಟಾಗುತ್ತದೆ. ಗೊತ್ತುಗುರಿಯಿಲ್ಲದೆ ಏರಿಳಿಯುವ ಕಲಬೆರಕೆ ಚುಕ್ಕಿಗಳು ಹತ್ತು ಪಟ್ಟು ಮಾತ್ರ ಹೆಚ್ಚುತ್ತವೆ. ಆದುದರಿಂದ ಚಿತ್ರದ ನಿಚ್ಚಳತೆ ಹತ್ತು ಪಟ್ಟು ವೃದ್ಧಿಸುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ ಸ್ಥಾಪಿಸಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಇದೆಲ್ಲ ದೊಡ್ಡವರ ಮಾತಾಯಿತು. ಶಾಲೆಯ ಮಕ್ಕಳಿಗೇನು ಸಾಧ್ಯ? ಕವಾಟವನ್ನು ಬೇಕಾದಷ್ಟು ಹೊತ್ತು ತೆರೆದಿಡಬಲ್ಲ ಒಂದು ಸಾಧಾರಣ ಕ್ಯಾಮರಾ, ಒಂದು ಭದ್ರವಾದ ಮುಕ್ಕಾಲಿ, ಒಂದು ಅಮಾವಾಸ್ಯೆಯ ರಾತ್ರಿ ಇಷ್ಟಿದ್ದರೆ ಸಾಕು. ಪ್ರಕಾಶಮಾನವಾದ ಒಂದು ನಕ್ಷತ್ರದ ಮೇಲೆ ಮಸೂರವನ್ನು ಸ್ಫುಟಗೊಳಿಸಬೇಕು. ನಕ್ಷತ್ರಗಳು ಚುಕ್ಕಿಗಳಾಗಿಯೇ ಉಳಿಯಬೇಕಾದರೆ, 35 ಮಿಲಿಮೀಟರ್ ಫಿಲ್ಮಿನಷ್ಟೇ ಚೌಕಟ್ಟಿರುವ ಕ್ಯಾಮರಾದಲ್ಲಿ 500ನ್ನು ಮಸೂರದ ಸಂಗಮದೂರದಿಂದ ಭಾಗಿಸಿ ಬಂದಷ್ಟು ಸೆಕೆಂಡುಗಳನ್ನು ಮೀರಬಾರದೆಂಬುದು ಸ್ಥೂಲವಾದ ಲೆಕ್ಕ. 50 ಮಿಲಿಮೀಟರ್ ಮಸೂರಕ್ಕೆ 10 ಸೆಕೆಂಡು. ಗೆರೆಗಳೇ ಬೇಕೆಂದಾದರೆ ಕ್ಯಾಮರಾವನ್ನು ಉತ್ತರಕ್ಕೆ ತಿರುಗಿಸಿ, ಚಿತ್ರಗಳನ್ನು ಎಡೆಬಿಡದೆ ತೆಗೆದು ಕೂಡಿಸಬೇಕು. ಆರು ಗಂಟೆಗಳಲ್ಲಿ ಪ್ರತಿ ನಕ್ಷತ್ರವೂ ಕಾಲು ವೃತ್ತವನ್ನು ಬರೆಯುತ್ತದೆ.

ಆ ಚಿತ್ರದಲ್ಲಿ ಒಂದು ಅಚ್ಚರಿ ಕಾದಿದೆ. ಅಚಲನೆಂದು ನಾವು ಕೊಂಡಾಡುವ ಧ್ರುವನೂ ಸಣ್ಣದೊಂದು ಕಮಾನನ್ನು ಬರೆದಿರುತ್ತಾನೆ! ಅವನು ಆಕಾಶದ ನಿಜವಾದ ಧ್ರುವಬಿಂದುವಿನಿಂದ ಅರ್ಧ ಅಂಶಕ್ಕಿಂತ ತುಸು ಹೆಚ್ಚು ದೂರದಲ್ಲಿದ್ದಾನೆ. ಪುಸ್ತಕದಲ್ಲಿ ಓದಿದುದನ್ನು ಹೀಗೆ ಸ್ವತಃ ಪರೀಕ್ಷಿಸಿ ತಿದ್ದಿಕೊಳ್ಳುವ ಅಭ್ಯಾಸವೇ ವಿಜ್ಞಾನ ಶಿಕ್ಷಣದ ತಿರುಳು. ಧ್ರುವಬಿಂದುವು ದಿಗಂತದಿಂದ ಎಷ್ಟು ಅಂಶ ಮೇಲಿದೆಯೋ ಅದೇ ನಮ್ಮೂರಿನ ಅಕ್ಷಾಂಶವೆಂಬ ಭೂಗೋಳದ ಪಾಠವೂ ಅದೇ ಚಿತ್ರದಲ್ಲಿ ಅಡಗಿದೆ.

ಆದರೆ ಕವಾಟವು ನಕ್ಷತ್ರದ ಬೆಳಕನ್ನು ಮಾತ್ರ ಕೂಡಿಡುವುದಿಲ್ಲ. ನಾವು ಆಕಾಶಕ್ಕೆ ಚೆಲ್ಲಿದ ಬೆಳಕನ್ನೂ ಕೂಡಿಡುತ್ತದೆ. ಊರ ದೀಪಗಳ ಪ್ರಭೆಯು ಗಾಳಿಯಲ್ಲಿನ ಧೂಳು ತೇವಾಂಶಗಳಿಂದ ಚದರಿ, ದೀರ್ಘಚಿತ್ರವನ್ನು ಬಿಳುಪಾಗಿಸಿಬಿಡುತ್ತದೆ. ಹಿಂದೆ ಅಂಗಳದಲ್ಲಿ ಮಲಗಿ ಆಕಾಶಗಂಗೆಯನ್ನು ಕಂಡ ಹಿರಿಯ ವಿದ್ಯಾರ್ಥಿಗಳು ಇಂದು ಅನೇಕ ಪಟ್ಟಣಗಳಲ್ಲಿ ತಲೆಯೆತ್ತಿದರೆ ಅದನ್ನು ಕಾಣಲಾರರು. ಹಾನ್ಲೆಯ ಸುತ್ತಣ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ಸಂರಕ್ಷಿತ ವಲಯವೆಂದು ಘೋಷಿಸಿ, ಹಳ್ಳಿಗರು ತಮ್ಮ ದೀಪಗಳಿಗೆ ಮರೆ ಕಟ್ಟಿ ಆಕಾಶವನ್ನು ಉಳಿಸಿಕೊಳ್ಳುವಂತೆ ಏರ್ಪಡಿಸಲಾಯಿತು.

ವಿದ್ಯಾಸಂಸ್ಥೆಗಳಿಗೆ ದೀಪಗಳನ್ನು ಕೊಡಿಸುವ ದಾನಿಗಳಲ್ಲಿ ನಮ್ಮದೊಂದು ವಿನಂತಿ. ದೀಪವು ನೆಲವನ್ನು ಬೆಳಗಲಿ, ಬಾನನ್ನಲ್ಲ. ಮೇಲೊಂದು ಮುಸುಕಿರುವ, ಕೆಳಮುಖವಾದ, ಹಳದಿ ಛಾಯೆಯ ದೀಪವಿದ್ದರೆ ಮಕ್ಕಳ ಸುರಕ್ಷತೆಗೂ ಕೊರತೆಯಿಲ್ಲ, ವಿದ್ಯುತ್ತಿಗೂ ನಷ್ಟವಿಲ್ಲ. ಶಿಕ್ಷಕರಲ್ಲಿ ಮತ್ತೊಂದು ವಿನಂತಿ: ಪ್ರತಿ ವರ್ಷವೂ ಪುಷ್ಯ ಮಾಸದ ಅಮಾವಾಸ್ಯೆಯ ರಾತ್ರಿ, ಒಂದೇ ಸ್ಥಳದಿಂದ, ಒಂದೇ ಕ್ಯಾಮರಾದಿಂದ, ಅಷ್ಟೇ ಸೆಕೆಂಡುಗಳ ಕಾಲ ಮಹಾವ್ಯಾಧನ ಚಿತ್ರವನ್ನು ವಿದ್ಯಾರ್ಥಿಗಳಿಂದ ತೆಗೆಸಿ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಿಸಬೇಕು. ಹತ್ತು ವರ್ಷಗಳ ತರುವಾಯ ಆ ಚಿತ್ರಗಳಲ್ಲಿನ ನಕ್ಷತ್ರಗಳನ್ನು ಎಣಿಸಿದವರಿಗೆ, ನಾವು ಮುಂದಿನ ಪೀಳಿಗೆಗೆ ಎಷ್ಟು ಆಕಾಶವನ್ನು ಉಳಿಸಿಕೊಟ್ಟೆವೆಂಬ ಲೆಕ್ಕ ಸಿಗುತ್ತದೆ. ಅನ್ನದಾಸೋಹ, ಜ್ಞಾನದಾಸೋಹಗಳಿಗೆ ಹೆಸರಾದ ಮಠದ ಅಂಗಳದಲ್ಲಿ ಮಕ್ಕಳಿಗೆ ನಕ್ಷತ್ರಗಳ ಬಡತನ ಬಾರದಿರಲಿ.