ದೊಡ್ಡ ಬಸ್ಸಿನ ಹಿಂದೊಂದು ಪುಟ್ಟ ಕಾರು

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋಗಿ ಬಂದವರು ಅಲ್ಲಿನ ಹೆದ್ದಾರಿಗಳಲ್ಲಿ ಒಂದು ವಿಚಿತ್ರ ಜೋಡಿಯನ್ನು ನೋಡಿರುತ್ತಾರೆ. ಮುಂದೆ ನಮ್ಮ ಕೆಂಪು ಬಸ್ಸಿನಷ್ಟು ಉದ್ದದ ಮೋಟಾರ್‌ಹೋಮ್, ಅಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಹೊತ್ತು ಸಾಗುವ ಮನೆ. ಅದರ ಹಿಂದೆ, ತ್ರಿಕೋನಾಕಾರದ ಕಬ್ಬಿಣದ ಸರಳಿಗೆ ಕಟ್ಟಿಸಿಕೊಂಡು, ಒಳಗೆ ಡ್ರೈವರೇ ಇಲ್ಲದೆ, ನಾಲ್ಕೂ ಚಕ್ರಗಳ ಮೇಲೆ ಓಡಿಬರುವ ಪುಟ್ಟ ಕಾರು. ಕೆಟ್ಟುನಿಂತ ಕಾರನ್ನು ಗ್ಯಾರೇಜಿಗೆ ಒಯ್ಯುತ್ತಿದ್ದಾರೆಂದು ಮೊದಲ ಸಲ ನೋಡಿದವರಿಗೆ ಅನಿಸುವುದು ಸಹಜ. ಕಾರು ಕೆಟ್ಟಿರುವುದಿಲ್ಲ. ಆದರೆ ಆಯ್ಕೆಯಲ್ಲಿ ಎಡವಿದ್ದರೆ, ಹಾಗೆ ಎಳೆಯುವುದರಿಂದಲೇ ಅದು ಕೆಡುವ ಸಾಧ್ಯತೆ ಮಾತ್ರ ಚೆನ್ನಾಗಿಯೇ ಇದೆ.

ಅಮೆರಿಕದಲ್ಲಿ ನಿವೃತ್ತಿಯಾದ ಎಷ್ಟೋ ದಂಪತಿಗಳು ತಿಂಗಳುಗಟ್ಟಲೆ ಇಂಥ ಗಾಡಿಯಲ್ಲೇ ಊರೂರು ತಿರುಗುತ್ತಾರೆ. ಇದ್ದ ಮನೆ ಮಾರಿ ಇದನ್ನೇ ಮನೆ ಮಾಡಿಕೊಂಡವರೂ ಉಂಟು. ಗಾಡಿಯನ್ನು ಒಂದು ಕಡೆ ನಿಲ್ಲಿಸಿ, ನೀರಿನ ಕೊಳವೆ, ವಿದ್ಯುತ್ ತಂತಿ ಜೋಡಿಸಿದ ಮೇಲೆ ಹಾಲು ತರಲು, ಔಷಧಿ ತರಲು ಏನು ಮಾಡುವುದು? ಎಲ್ಲವನ್ನೂ ಬಿಚ್ಚಿ, ಲೀಟರಿಗೆ ಮೂರೋ ನಾಲ್ಕೋ ಕಿಲೋಮೀಟರ್ ಓಡುವ ಹತ್ತು ಟನ್ನಿನ ಗಾಡಿಯನ್ನು ಪೇಟೆಗೆ ಒಯ್ಯಲಾದೀತೆ? ಕೆಲವು ರಸ್ತೆಗಳಲ್ಲಂತೂ ಅದಕ್ಕೆ ಪ್ರವೇಶವೇ ಇಲ್ಲ. ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಪರ್ವತ ದಾಟುವ ಪ್ರಸಿದ್ಧ ‘ಗೋಯಿಂಗ್ ಟು ದ ಸನ್’ ರಸ್ತೆಯ ಘಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನವನ್ನು ಬಿಡುವುದಿಲ್ಲ. ನೋಡಬೇಕಾದ ನೋಟವೆಲ್ಲ ಇರುವುದು ಅದೇ ಭಾಗದಲ್ಲಿ. ಹೀಗಾಗಿ ಜೊತೆಗೊಂದು ಸಣ್ಣ ಕಾರು ಬೇಕೇ ಬೇಕು.

ದೊಡ್ಡ ಹಡಗಿನ ಹಿಂದೆ ಕಟ್ಟಿದ ಪುಟ್ಟ ದೋಣಿಯನ್ನು ಡಿಂಗಿ ಎನ್ನುತ್ತಾರೆ. ಈ ಕಾರಿಗೂ ಅದೇ ಹೆಸರು ಅಂಟಿಕೊಂಡಿದೆ. ‘ಟೋಡ್’ ಎಂದೂ ಕರೆಯುತ್ತಾರೆ. ಎಳೆಯಲ್ಪಟ್ಟದ್ದು ಎಂಬ ಅರ್ಥದ ಇಂಗ್ಲಿಷ್ ಪದವೂ ನೆಲಗಪ್ಪೆಯ ಇಂಗ್ಲಿಷ್ ಹೆಸರೂ ಕಿವಿಗೆ ಒಂದೇ ರೀತಿ ಕೇಳುವುದರಿಂದ ಹುಟ್ಟಿದ ತಮಾಷೆ ಅದು.

ಎಳೆಯುವ ದಾರಿ ಮೂರು. ಇಡೀ ಕಾರನ್ನು ಟ್ರೈಲರಿನ ಮೇಲೆ ಹತ್ತಿಸಿ ಒಯ್ಯಬಹುದು. ಯಾವ ಕಾರಾದರೂ ಆದೀತು, ಆದರೆ ಟ್ರೈಲರಿನ ತೂಕವೂ ಸೇರುತ್ತದೆ, ತಂಗುವಲ್ಲಿ ಅದಕ್ಕೂ ಜಾಗ ಹುಡುಕಬೇಕು. ಮುಂದಿನ ಎರಡು ಚಕ್ರಗಳನ್ನಷ್ಟೇ ‘ಡಾಲಿ’ ಎಂಬ ಎರಡು ಚಕ್ರದ ಗಾಡಿಯ ಮೇಲೆ ಏರಿಸಬಹುದು. ಮುಂಚಕ್ರ ಚಾಲನೆಯ ಕಾರುಗಳಿಗೆ ಇದು ಸರಿ. ಮೂರನೆಯದು ನಾಲ್ಕೂ ಚಕ್ರ ನೆಲದ ಮೇಲಿಟ್ಟೇ ಎಳೆಯುವುದು. ಕಟ್ಟಲು, ಬಿಚ್ಚಲು ಕೆಲವೇ ನಿಮಿಷ ಸಾಕಾದ್ದರಿಂದ ವಯಸ್ಸಾದವರಿಗೆ ಇದೇ ಇಷ್ಟ. ಕಾರನ್ನು ಆರಿಸುವಾಗ ಬುದ್ಧಿ ಖರ್ಚು ಮಾಡಬೇಕಾದದ್ದೂ ಇದರಲ್ಲಿಯೇ.

ಎಣ್ಣೆ ಎಲ್ಲಿಂದ ಬರುತ್ತದೆ?

ಕಾರನ್ನು ನ್ಯೂಟ್ರಲ್‌ಗೆ ಹಾಕಿದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿದುಹೋಯಿತು, ಇನ್ನೆಷ್ಟು ದೂರ ಎಳೆದರೂ ತೊಂದರೆಯಿಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಇದು ಅರ್ಧ ಸತ್ಯ. ಎಂಜಿನ್ ನಿಂತಿರುತ್ತದೆ, ನಿಜ. ಆದರೆ ಚಾಲನೆಯ ಚಕ್ರಗಳು ಗೇರ್ ಬಾಕ್ಸಿನ ಹೊರದಂಡಕ್ಕೆ ಜೋಡಿಸಿಕೊಂಡೇ ಇರುತ್ತವೆ. ಚಕ್ರ ತಿರುಗಿದಷ್ಟೂ ಆ ದಂಡವೂ ಅದಕ್ಕೆ ಹೊಂದಿಕೊಂಡ ಹಲ್ಲುಚಕ್ರಗಳೂ ತಿರುಗುತ್ತವೆ. ತಿರುಗುವಲ್ಲಿ ಘರ್ಷಣೆ, ಘರ್ಷಣೆ ಇರುವಲ್ಲಿ ಬಿಸಿ. ಬಿಸಿಯನ್ನು ತಡೆಯಲು ಎಣ್ಣೆ.

ಕೈಯಿಂದ ಗೇರ್ ಬದಲಿಸುವ ಹಳೆಯ ಬಗೆಯ ಪೆಟ್ಟಿಗೆಯಲ್ಲಿ ತಳದಲ್ಲಿ ಎಣ್ಣೆ ನಿಂತಿರುತ್ತದೆ. ಅದರಲ್ಲಿ ಮುಳುಗಿದ ಹಲ್ಲುಚಕ್ರಗಳು ತಿರುಗುತ್ತಾ ಎಣ್ಣೆಯನ್ನು ಸುತ್ತಲೂ ಎರಚುತ್ತವೆ. ಎಂಜಿನ್ ಓಡದಿದ್ದರೂ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ಆಟೊಮ್ಯಾಟಿಕ್ ಪೆಟ್ಟಿಗೆಯ ಕಥೆ ಬೇರೆ. ಅಲ್ಲಿ ಎಣ್ಣೆಯನ್ನು ಒತ್ತಡದಿಂದ ಮೂಲೆಮೂಲೆಗೆ ಕಳಿಸುವುದು ಒಂದು ಪಂಪು. ಆ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತರೆ ಪಂಪೂ ನಿಂತಂತೆ. ಬೇರಿಂಗುಗಳು ಎಣ್ಣೆ ಕಾಣದೆ ಗಂಟೆಗಟ್ಟಲೆ ಒಣಗಿ ತಿರುಗುತ್ತವೆ. ಮುಂದೆ ಸ್ಟಿಯರಿಂಗ್ ಹಿಡಿದವರಿಗೆ ಸದ್ದಿಲ್ಲ, ವಾಸನೆಯಿಲ್ಲ, ಏನೂ ತಿಳಿಯುವುದಿಲ್ಲ. ಸಂಜೆ ತಂಗುದಾಣದಲ್ಲಿ ಕಾರನ್ನು ಬಿಚ್ಚಿ ಹೊರಡಿಸಿದಾಗ ಗೇರ್ ಬಾಕ್ಸ್ ಹೋಗಿರುವುದು ಗೊತ್ತಾಗುತ್ತದೆ. ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಪೆಟ್ಟಲ್ಲ.

ಹಾಗೆಂದು ಎಲ್ಲ ಆಟೊಮ್ಯಾಟಿಕ್ ಕಾರುಗಳೂ ವರ್ಜ್ಯವಲ್ಲ. ಜನರಲ್ ಮೋಟಾರ್ಸ್ ಬಳಗದ ಸ್ಯಾಟರ್ನ್ ಎಸ್ ಸರಣಿಯ ಕಾರುಗಳನ್ನು (1991ರಿಂದ 2002) ಆಟೊಮ್ಯಾಟಿಕ್ ಇದ್ದರೂ ಎಳೆಯಬಹುದಿತ್ತು. ಮೋಟಾರ್‌ಹೋಮಿನವರ ನಡುವೆ ಅವಕ್ಕೆ ದೊಡ್ಡ ಹೆಸರು. ಹೋಂಡಾ ಸಿಆರ್-ವಿ ಇನ್ನೊಂದು ಅಚ್ಚುಮೆಚ್ಚು. ಅದಕ್ಕೊಂದು ವಿಧಿಯೇ ಇತ್ತು: ಹೊರಡುವ ಮೊದಲು ಎಂಜಿನ್ ಚಾಲೂ ಮಾಡಿ, ಗೇರ್ ಕಡ್ಡಿಯನ್ನು ಎಲ್ಲ ಸ್ಥಾನಗಳಲ್ಲೂ ಆಡಿಸಿ, ‘ಡಿ’ಗೆ ತಂದು, ಅಲ್ಲಿಂದ ನ್ಯೂಟ್ರಲ್‌ಗೆ ಹಾಕಿ, ಮೂರು ನಿಮಿಷ ಓಡಲು ಬಿಡಬೇಕು. ಎಂಟು ಗಂಟೆಗಿಂತ ಹೆಚ್ಚು ಎಳೆಯುವುದಾದರೆ ನಡುವೆ ಮತ್ತೊಮ್ಮೆ ಇದೇ ಪೂಜೆ. ಗಂಟೆಗೆ 65 ಮೈಲಿ ಮೀರಬಾರದು. ಆದರೆ 2015ರ ಮಾದರಿಗೆ ಹೋಂಡಾ ಹೊಸ ಬಗೆಯ ಸಿವಿಟಿ ಗೇರ್ ಬಾಕ್ಸ್ ಹಾಕಿತು. ಅಲ್ಲಿಗೆ ಈ ಅನುಮತಿಯೂ ಮುಗಿಯಿತು. ಹೊರನೋಟಕ್ಕೆ 2014ರ ಕಾರಿಗೂ 2015ರದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಂದನ್ನು ಎಳೆಯಬಹುದು, ಇನ್ನೊಂದನ್ನು ಎಳೆಯಬಾರದು. ಹೆಸರು ನೋಡಿ ಕಾರು ಕೊಳ್ಳುವವರು ಸಿಕ್ಕಿಬೀಳುವುದು ಇಲ್ಲೇ. ಮಾರಾಟಗಾರನ ಮಾತನ್ನು ಬದಿಗಿಟ್ಟು, ಆಯಾ ವರ್ಷದ, ಆಯಾ ಗೇರ್ ಬಾಕ್ಸಿನ ಕಾರಿನ ಮಾಲೀಕರ ಕೈಪಿಡಿಯಲ್ಲಿ ಎಳೆತದ ಬಗ್ಗೆ ಬರೆದ ಪುಟವನ್ನು ಓದಿಯೇ ದುಡ್ಡು ಕೊಡಬೇಕು.

ಜೀಪ್ ರ‍್ಯಾಂಗ್ಲರಿಗೆ ಈ ಗೊಂದಲ ಕಡಿಮೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ‘ಟ್ರಾನ್ಸ್‌ಫರ್ ಕೇಸ್’ ಎಂಬ ಎರಡನೆಯ ಪೆಟ್ಟಿಗೆ ಅದರಲ್ಲಿದೆ. ಅದನ್ನೇ ನ್ಯೂಟ್ರಲ್‌ಗೆ ಹಾಕಿದರೆ ಗೇರ್ ಬಾಕ್ಸಿಗೂ ಚಕ್ರಗಳಿಗೂ ನಂಟೇ ಇರುವುದಿಲ್ಲ. ನಾಲ್ಕೂ ಚಕ್ರ ಚಾಲನೆ ಎಂದು ಬೋರ್ಡು ಹಾಕಿಕೊಂಡ ಎಲ್ಲ ಗಾಡಿಗಳಲ್ಲೂ ಇಂಥ ನ್ಯೂಟ್ರಲ್ ಇರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಇಲ್ಲಿ ನಮ್ಮವರಿಗೆ ಪರಿಚಿತ ಮುಖವೊಂದಿದೆ. ಅಮೆರಿಕದಲ್ಲಿ 1985ರಿಂದ 1995ರವರೆಗೆ ಮಾರಾಟವಾದ ಸುಜುಕಿ ಸಮುರಾಯ್ ಬೇರೆ ಯಾವುದೂ ಅಲ್ಲ, ನಮ್ಮ ಪೊಲೀಸರೂ ಸೈನಿಕರೂ ಓಡಿಸಿದ ಮಾರುತಿ ಜಿಪ್ಸಿಯ ಒಡಹುಟ್ಟು. ಹಗುರ, ಗಟ್ಟಿಮುಟ್ಟು, ಟ್ರಾನ್ಸ್‌ಫರ್ ಕೇಸ್ ಉಂಟು, ಗೇರೂ ಕೈಯಿಂದಲೇ ಬದಲಿಸುವುದು. ಹಿಂದೆ ಕಟ್ಟಲು ಇನ್ನೇನು ಬೇಕು? ಮೂರು ಸಿಲಿಂಡರಿನ ಜಿಯೋ ಮೆಟ್ರೋ ಕೂಡ ಹಾಗೆಯೇ. ಅದರ ಮೂಲ ಸುಜುಕಿ ಕಲ್ಟಸ್. ನಮ್ಮ ಮಾರುತಿ 1000 ಮತ್ತು ಎಸ್ಟೀಮ್ ಕಾರುಗಳೂ ಅದೇ ವಂಶದವು.

ಟೆಸ್ಲಾದಂಥ ವಿದ್ಯುತ್ ಕಾರುಗಳದು ಇನ್ನೊಂದು ತೊಡಕು. ಸೈಕಲ್ಲಿನ ಡೈನಮೊ ನೆನಪಿಸಿಕೊಳ್ಳಿ. ಮೋಟಾರಿಗೆ ವಿದ್ಯುತ್ ಕೊಟ್ಟರೆ ಅದು ಚಕ್ರ ತಿರುಗಿಸುತ್ತದೆ. ಚಕ್ರವೇ ಅದನ್ನು ತಿರುಗಿಸಿದರೆ ವಿದ್ಯುತ್ ಹುಟ್ಟಿಸುತ್ತದೆ. ಫ್ಯಾರಡೆ 1831ರಲ್ಲಿ ತೋರಿಸಿದ ಸಂಗತಿಯೇ. ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ಎಳೆದರೆ ಹುಟ್ಟುವ ವಿದ್ಯುತ್ತೂ ಬಿಸಿಯೂ ಯಂತ್ರವನ್ನು ಹಾಳುಮಾಡಬಲ್ಲವು. ಆದ್ದರಿಂದ ಚಕ್ರಗಳು ನೆಲ ಮುಟ್ಟದಂತೆ ಸಾಗಿಸಬೇಕೆಂದು ಟೆಸ್ಲಾ ಹೇಳುತ್ತದೆ. ಟೊಯೊಟಾ ಪ್ರಿಯಸ್ ಹೈಬ್ರಿಡ್ಡೂ ನಾಲ್ಕು ಚಕ್ರದ ಮೇಲೆ ಎಳೆಯಲು ಬರುವುದಿಲ್ಲ. ಆದರೆ ಫೋರ್ಡಿನ ಹಳೆಯ ಎಸ್ಕೇಪ್ ಹೈಬ್ರಿಡ್ಡನ್ನು ಎಳೆಯಬಹುದಿತ್ತು!

ತೂಕದ ಲೆಕ್ಕ

ಮೋಟಾರ್‌ಹೋಮಿಗೆ ಎರಡು ಮಿತಿಗಳನ್ನು ಬರೆದಿರುತ್ತಾರೆ. ಒಂದು, ಅದು ಸ್ವತಃ ತೂಗಬಹುದಾದ ಗರಿಷ್ಠ ತೂಕ. ಇನ್ನೊಂದು, ಹಿಂದಿನ ಕಾರೂ ಸೇರಿದ ಒಟ್ಟು ತೂಕ. ಫೋರ್ಡ್ ಎಫ್-53 ಚಾಸಿಯ ಮೇಲೆ ಕಟ್ಟಿದ, ವಿ-10 ಎಂಜಿನ್ ಕಾಲದ ಒಂದು ಜನಪ್ರಿಯ ಗಾತ್ರವನ್ನು ತೆಗೆದುಕೊಳ್ಳೋಣ. ಮೊದಲ ಮಿತಿ 22,000 ಪೌಂಡ್, ಎರಡನೆಯದು 26,000 ಪೌಂಡ್. ಹಿಂದಿನ ಕೊಂಡಿಯ ಮೇಲೆ 5,000 ಪೌಂಡ್ ಎಂದು ಬರೆದಿರುತ್ತದೆ. ಇದನ್ನು ನೋಡಿ 5,000 ಪೌಂಡಿನ ಕಾರು ಕಟ್ಟಿದವರು ಕೆಟ್ಟರು. ಗಾಡಿ ಪೂರ್ತಿ ತುಂಬಿದ್ದರೆ ಕಾರಿಗೆ ಉಳಿಯುವುದು 4,000 ಪೌಂಡ್, ಅಂದರೆ ಸುಮಾರು 1,800 ಕಿಲೋ ಮಾತ್ರ. ತುಂಬುವುದೇನೂ ಕಷ್ಟವಲ್ಲ. ನೂರು ಗ್ಯಾಲನ್ ನೀರಿನ ತೊಟ್ಟಿಯೊಂದೇ 380 ಕಿಲೋ ತೂಗುತ್ತದೆ. ಅದರ ಮೇಲೆ ಪಾತ್ರೆ, ಪುಸ್ತಕ, ಅಜ್ಜಿಯ ಹೊಲಿಗೆಯಂತ್ರ. ಆದ್ದರಿಂದ ಅನುಭವಸ್ಥರು ಮೊದಲು ಸಾಮಾನು ತುಂಬಿದ ಗಾಡಿಯನ್ನು ಲಾರಿ ತೂಗುವ ತೂಕದಸೇತುವೆಗೆ ಒಯ್ದು ತೂಗಿಸಿ, ಉಳಿದದ್ದೆಷ್ಟು ಎಂದು ನೋಡಿ, ಆಮೇಲೆ ಕಾರಿನ ಅಂಗಡಿಗೆ ಹೋಗುತ್ತಾರೆ. ಕಾರನ್ನು ಹಿಡಿಯುವ ಸರಳಿಗೂ ಅದರದೇ ಮಿತಿಯುಂಟು. ಎಲ್ಲಕ್ಕಿಂತ ಕಡಿಮೆಯದು ಯಾವುದೋ ಅದೇ ಲೆಕ್ಕಕ್ಕೆ ಬರುವುದು.

ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ಒಂದೂವರೆ ಟನ್ನಿನ ಕಾರು ಗಂಟೆಗೆ 55 ಮೈಲಿ ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ, ಅದೇ ಕಾರನ್ನು 31 ಮೀಟರ್ ಎತ್ತರದಿಂದ, ಅಂದರೆ ಹತ್ತು ಮಹಡಿಯ ಕಟ್ಟಡದ ಮೇಲಿನಿಂದ ಬೀಳಿಸಿದಾಗ ನೆಲ ಮುಟ್ಟುವ ಹೊತ್ತಿಗೆ ಬರುವ ಶಕ್ತಿಗೆ ಸಮ. ಈ ಶಕ್ತಿಯನ್ನೆಲ್ಲ ಮುಂದಿನ ಗಾಡಿಯ ಬ್ರೇಕುಗಳೇ ಬಿಸಿಯಾಗಿ ಕರಗಿಸಬೇಕು. ಆ ಬ್ರೇಕುಗಳನ್ನೋ ಸಾಮಾನ್ಯವಾಗಿ ಗಾಡಿಯ ಸ್ವಂತ ತೂಕಕ್ಕಷ್ಟೇ ಲೆಕ್ಕ ಹಾಕಿ ಮಾಡಿರುತ್ತಾರೆ. ಹತ್ತು ಟನ್ನಿನ ಗಾಡಿಗೆ ಒಂದೂವರೆ ಟನ್ ಸೇರಿ, ಬ್ರೇಕಿನ ಬಲ ಅಷ್ಟೇ ಉಳಿದರೆ, ನಿಲ್ಲಲು ಬೇಕಾದ ದೂರ ಶೇ. 15ರಷ್ಟು ಹೆಚ್ಚುತ್ತದೆ. ಘಟ್ಟ ಇಳಿಯುವಾಗ ಇನ್ನೂ ಕಷ್ಟ: ನೂರು ಅಡಿಗೆ ಆರು ಅಡಿ ಇಳಿಯುವ ರಸ್ತೆಯಲ್ಲಿ ಆ ಕಾರು 90 ಕಿಲೋ ತೂಕದ ಬಲದಿಂದ ಎಡೆಬಿಡದೆ ಹಿಂದಿನಿಂದ ದೂಡುತ್ತಿರುತ್ತದೆ.

ಅದಕ್ಕಾಗಿ ಕಾರಿನೊಳಗೆ ಬೇರೆ ಬ್ರೇಕ್ ಸಾಧನ ಅಳವಡಿಸುತ್ತಾರೆ. ಮುಂದಿನ ಗಾಡಿ ಬ್ರೇಕ್ ಹಾಕಿದಾಗ ಅದು ಕಾರಿನ ಬ್ರೇಕನ್ನೂ ಒತ್ತುತ್ತದೆ. ಸರಳು ಕಳಚಿ ಕಾರು ಬೇರ್ಪಟ್ಟರೆ ತಂತಿಯೊಂದು ಸ್ವಿಚ್ಚನ್ನು ಎಳೆದು ಕಾರನ್ನು ತಾನಾಗಿ ನಿಲ್ಲಿಸುವ ಏರ್ಪಾಡೂ ಇದೆ. ಎಳೆಯುವ ಹೊರೆಗೆ ಎಷ್ಟು ತೂಕದಿಂದ ಬ್ರೇಕ್ ಕಡ್ಡಾಯ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಲವು ಕಡೆ 3,000 ಪೌಂಡಿನಿಂದ. ಡ್ರೈವರಿಲ್ಲದ ಕಾರು ಎದುರು ಬರುವವರ ಮೇಲೆ ನುಗ್ಗುವಾಗ ಅದು 2,900 ಪೌಂಡೋ 3,100 ಪೌಂಡೋ ಎಂಬ ಭೇದ ಯಾರಿಗೆ ಬೇಕು?

ಹಿಂದಕ್ಕೆ ಹೋಗುವಂತಿಲ್ಲ

ಈ ಜೋಡಿಯನ್ನು ರಿವರ್ಸ್ ತೆಗೆಯುವಂತಿಲ್ಲ. ಆಸ್ಪತ್ರೆಯ ತಳ್ಳುಗಾಡಿಯ ಪುಟ್ಟ ಗಾಲಿಗಳನ್ನು ಗಮನಿಸಿ. ಮುಂದೆ ತಳ್ಳಿದಾಗ ಸುಮ್ಮನೆ ಹಿಂಬಾಲಿಸುತ್ತವೆ. ಹಿಂದಕ್ಕೆ ಎಳೆದ ಕೂಡಲೇ ಗರ್ರನೆ ಮಗ್ಗುಲು ತಿರುಗುತ್ತವೆ. ಕಾರಿನ ಮುಂಚಕ್ರಗಳನ್ನು ಕೂರಿಸಿರುವುದೂ ಇದೇ ತತ್ವದ ಮೇಲೆ. ಮುಂದೆ ಸಾಗುವಾಗ ತಾವೇ ನೇರವಾಗಿ ನಿಂತು, ತಿರುವಿನಲ್ಲಿ ಯಾರೂ ಹಿಡಿಯದಿದ್ದರೂ ಹೊಂದಿಕೊಂಡು ತಿರುಗುತ್ತವೆ. ಹಿಂದಕ್ಕೆ ದೂಡಿದರೆ ಒಂದು ಕಡೆಗೆ ಪೂರ್ತಿ ಹೊರಳಿ, ಕಾರು ಅಡ್ಡವಾಗಿ, ಸರಳು ಬಾಗುತ್ತದೆ. ಹಾಗಾಗಿ ಇಕ್ಕಟ್ಟಾದ ಪೆಟ್ರೋಲ್ ಬಂಕಿಗೆ ನುಗ್ಗುವ ಮೊದಲು ಹೊರಬರುವ ದಾರಿ ಯಾವುದೆಂದು ನೋಡಿಕೊಳ್ಳಲೇಬೇಕು. ಸಿಕ್ಕಿಕೊಂಡರೆ ಕಾರನ್ನು ಬಿಚ್ಚುವುದೊಂದೇ ಉಪಾಯ. ಹಿಂದೆ ನಿಂತವರು ಹಾರನ್ ಬಾರಿಸುತ್ತಿರುವಾಗ ಅದೂ ಸುಲಭವಲ್ಲ.

ಚಕ್ರಗಳು ಹೀಗೆ ತಿರುಗಬೇಕಾದರೆ ಸ್ಟಿಯರಿಂಗ್ ಬೀಗ ಬಿದ್ದಿರಬಾರದು. ಅದಕ್ಕೆ ಎಷ್ಟೋ ಕಾರುಗಳಲ್ಲಿ ಕೀಲಿಯನ್ನು ಅರ್ಧ ತಿರುಗಿಸಿಯೇ ಇಡಬೇಕು. ಆಗ ದಿನವಿಡೀ ಬ್ಯಾಟರಿ ಸೋರುತ್ತದೆ. ಕೆಲವದರಲ್ಲಿ ಇಂತಿಂಥ ಫ್ಯೂಸು ಕೀಳಿ ಎಂದು ಕೈಪಿಡಿಯೇ ಹೇಳುತ್ತದೆ. ಪ್ರತಿದಿನ ಬಗ್ಗಿ ಫ್ಯೂಸು ಕೀಳುವುದು ಮಂಡಿನೋವಿನವರಿಗೆ ಆಗುವ ಕೆಲಸವೇ ಎಂಬುದನ್ನೂ ಕೊಳ್ಳುವ ಮೊದಲೇ ಯೋಚಿಸಬೇಕು.

ಹೊರಟು ಹತ್ತು ಮೈಲಿ ಹೋದ ಮೇಲೆ ಅನುಭವಸ್ಥರು ಒಮ್ಮೆ ಗಾಡಿ ನಿಲ್ಲಿಸುತ್ತಾರೆ. ಕೊಂಡಿ, ಸರಪಳಿ, ಹಿಂದಿನ ದೀಪ ನೋಡಿ, ಕಾರಿನ ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಅಂಗೈ ಹಿಡಿಯುತ್ತಾರೆ. ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ ಎಂದು ಅರ್ಥ. ಟಯರು ಹೊಗೆಯಾಡಿದರೂ ನಲವತ್ತು ಅಡಿ ಮುಂದೆ ಕೂತವರಿಗೆ ಅದು ಕಾಣುವುದಿಲ್ಲ.