ಊರು ಪಾಲಾದಾಗ

ಮೊನ್ನೆ ಬೆಂಗಳೂರಿನಿಂದ ಬಂದಿಳಿದ ನಮ್ಮ ಅತ್ತೆಯವರು, ಚಕ್ಕುಲಿ ಕೋಡುಬಳೆಗಳ ಡಬ್ಬಗಳಿಗೂ ಮೊದಲು, ಮನೆ ಕಂದಾಯದ ಹಳೆಯ ರಸೀತಿಗಳ ಕಟ್ಟೊಂದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದರು. ಮಲ್ಲೇಶ್ವರದಲ್ಲಿ ಅವರದೊಂದು ಹಳೆಯ ಮನೆಯಿದೆ. ಅದರ ಕಂದಾಯವನ್ನು ದಿಲ್ಲಿಯಲ್ಲಿ ಕುಳಿತು ಕಂಪ್ಯೂಟರಿನ ಮೂಲಕ ಕಟ್ಟುವ ಹೊಣೆ ಬಹಳ ವರ್ಷಗಳಿಂದ ನಮ್ಮದು. ಈ ಸಲ ಅವರ ಮುಖದಲ್ಲಿ ಏನೋ ಸಂದೇಹ.

“ಅಳಿಯಂದಿರೇ, ಬೆಂಗಳೂರನ್ನ ಐದು ಪಾಲು ಮಾಡಿದಾರಲ್ಲ, ನಮ್ಮ ಮನೆ ಯಾರ ಪಾಲಿಗೆ ಬಂತು?”

ಪಶ್ಚಿಮ ನಗರಪಾಲಿಕೆಗೆ ಎಂದೆವು. ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟು ಕೊಂಡಿರುವ ಅವರ ಮಗ ಪೂರ್ವ ನಗರಪಾಲಿಕೆಗೆ ಸೇರಿದ್ದಾನೆಂದೂ ತಿಳಿಸಿದೆವು. ತಾಯಿ ಒಂದು ಪಾಲಿಕೆ, ಮಗ ಒಂದು ಪಾಲಿಕೆ! ಅತ್ತೆಯವರು ಕ್ಷಣಕಾಲ ಸುಮ್ಮನಿದ್ದು, “ಆಗಲಿ, ಪಾಲಾದದ್ದು ಆಯಿತು. ತೋಟ ಯಾರಿಗೆ, ಸಾಲ ಯಾರಿಗೆ?” ಎಂದರು.

ತವರಿನ ಆಸ್ತಿ ಮೂರು ಪಾಲಾದುದನ್ನು ಕಣ್ಣಾರೆ ಕಂಡವರು ಅವರು. ಒಬ್ಬ ಅಣ್ಣನಿಗೆ ಅಡಕೆ ತೋಟ, ಇನ್ನೊಬ್ಬನಿಗೆ ದೊಡ್ಡ ಮನೆ ಮತ್ತು ಮುದಿ ತಂದೆತಾಯಿಗಳ ಆರೈಕೆ, ಕಿರಿಯವನಿಗೆ ಕಲ್ಲು ಹೊಲ. ಎಕರೆಗಳ ಲೆಕ್ಕ ಸರಿಯಾಗಿಯೇ ಇತ್ತು. ಊಟದ ಲೆಕ್ಕ ಸರಿಹೋಗಲಿಲ್ಲ. ಅವರು ಕೇಳಿದ ಪ್ರಶ್ನೆಗೆ ಬೆಂಗಳೂರಿನಲ್ಲಿ ಉತ್ತರ ಸಿಗಲು ಇನ್ನೂ ಕೆಲವು ವರ್ಷ ಹಿಡಿಯಬಹುದು. ಆದರೆ ದಿಲ್ಲಿಯಲ್ಲಿ ಬಾಳುವ ನಾವು ಆ ಉತ್ತರವನ್ನು ಹತ್ತು ವರ್ಷ ಕಾಲ ನಮ್ಮ ಬೀದಿಗಳಲ್ಲಿಯೇ ನೋಡಿದ್ದೇವೆ. ಆದ್ದರಿಂದ ಅದನ್ನು ವಾಚಕರ ಮುಂದಿಡೋಣವೆನಿಸಿತು. ನಮ್ಮಲ್ಲಿ ಎಷ್ಟು ಮಂದಿಗೆ ಬೆಂಗಳೂರಿನಲ್ಲಿ ಒಂದು ಮನೆ, ಒಂದು ಸೈಟು, ಹೋಗಲಿ, ನಿವೃತ್ತಿಯ ನಂತರ ಅಲ್ಲಿಗೆ ಹೋಗಿ ನೆಲೆಸುವ ಒಂದು ಆಸೆಯಾದರೂ ಇಲ್ಲ?

ದಿಲ್ಲಿ ನಗರಪಾಲಿಕೆ ಹುಟ್ಟಿದ್ದು 1958ರಲ್ಲಿ. ಅದರ ಮೊದಲ ಮಹಾಪೌರರು ಅರುಣಾ ಅಸಫ್ ಅಲಿ. ನವದಿಲ್ಲಿಯ ಸರಕಾರಿ ವಲಯವನ್ನೂ ದಂಡಿನ ಪ್ರದೇಶವನ್ನೂ ಬಿಟ್ಟು ಸುಮಾರು 1,397 ಚದರ ಕಿಲೋಮೀಟರು ವಿಸ್ತಾರಕ್ಕೆ ಒಂದೇ ಪಾಲಿಕೆ. ಊರು ಬೆಳೆದಂತೆ ಇದು ತೀರ ದೊಡ್ಡದಾಯಿತು, ಯಾರ ಕೈಗೂ ಸಿಕ್ಕುವುದಿಲ್ಲ ಎಂಬ ಮಾತು ಎದ್ದಿತು. ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ನರೇಲಾದ ಮನುಷ್ಯ ಒಂದು ಚರಂಡಿಯ ವಿಷಯಕ್ಕೆ ಚಾಂದನಿ ಚೌಕಿನವರೆಗೆ ಬರಬೇಕಾದರೆ ಅರ್ಧ ದಿನ ಹೋಯಿತು. ಹೀಗಿರಲಾಗಿ ಶೀಲಾ ದೀಕ್ಷಿತರು ಮುಖ್ಯಮಂತ್ರಿಗಳಾಗಿದ್ದಾಗ ದಿಲ್ಲಿ ವಿಧಾನಸಭೆ 2011ರಲ್ಲಿ ಕಾಯಿದೆ ಮಾಡಿ ಪಾಲಿಕೆಯನ್ನು ಮೂರಾಗಿ ಒಡೆಯಿತು. 2012ರ ಏಪ್ರಿಲ್‌ನಲ್ಲಿ ಚುನಾವಣೆಯೂ ನಡೆಯಿತು. ಉತ್ತರಕ್ಕೆ 104 ವಾರ್ಡು, ದಕ್ಷಿಣಕ್ಕೆ 104 ವಾರ್ಡು, ಯಮುನೆಯಾಚೆಯ ಪೂರ್ವಕ್ಕೆ 64 ವಾರ್ಡು.

ಕಾಗದದ ಮೇಲೆ ಅಂದವಾದ ಹಂಚಿಕೆ. ಈಗ ಅತ್ತೆಯವರ ಪ್ರಶ್ನೆಯನ್ನು ಕೇಳಿ ನೋಡೋಣ.

ನಗರಪಾಲಿಕೆಗೆ ಹಣ ಬರುವ ದಾರಿಗಳು ಕೆಲವೇ. ಮನೆ ಕಂದಾಯ ಅದರಲ್ಲಿ ದೊಡ್ಡದು. ಆಸ್ತಿ ಕೈ ಬದಲಾದಾಗ ಬರುವ ಶುಲ್ಕ, ಜಾಹೀರಾತು ಫಲಕಗಳ ತೆರಿಗೆ, ವಾಹನ ನಿಲ್ದಾಣಗಳ ಬಾಡಿಗೆ, ವಿದ್ಯುತ್ತಿನ ಮೇಲಿನ ತೆರಿಗೆ, ಮತ್ತೆ ಮೇಲಿನ ಸರಕಾರದ ಅನುದಾನ. 2004ರಿಂದ ದಿಲ್ಲಿಯಲ್ಲಿ ಬಡಾವಣೆಗಳನ್ನು ಎ ಯಿಂದ ಎಚ್ ವರೆಗೆ ಎಂಟು ದರ್ಜೆಗಳಾಗಿ ವಿಂಗಡಿಸಿ, ದರ್ಜೆಗೆ ತಕ್ಕಂತೆ ಕಂದಾಯ ಕಟ್ಟುವ ಪದ್ಧತಿ ಬಂದಿತು. ಎ ಮತ್ತು ಬಿ ದರ್ಜೆಯ ಸಿರಿವಂತ ಬಡಾವಣೆಗಳು ಹೆಚ್ಚಾಗಿ ಎಲ್ಲಿವೆ? ದಕ್ಷಿಣದಲ್ಲಿ. ದೊಡ್ಡ ಮಳಿಗೆಗಳು, ಕಚೇರಿಗಳು? ಅಲ್ಲಿಯೇ ಬಹಳ. ವಿಮಾನ ನಿಲ್ದಾಣವೂ ಆ ಕಡೆಗೇ. ಅಡಕೆ ತೋಟ ದಕ್ಷಿಣಕ್ಕೆ ಹೋಯಿತು.

ಉತ್ತರಕ್ಕೆ ಹಳೆಯ ದಿಲ್ಲಿ ಬಂದಿತು. ಹಿಂದೂರಾವ್ ಮತ್ತು ಕಸ್ತೂರ್ಬಾ ಆಸ್ಪತ್ರೆಗಳು ಬಂದವು. ಅವುಗಳ ವೈದ್ಯರು, ದಾದಿಯರು, ನಿವೃತ್ತರ ಪಿಂಚಣಿ, ಎಲ್ಲವೂ ಜೊತೆಗೆ. ಆ ಆಸ್ಪತ್ರೆಗಳಿಗೆ ರೋಗಿಗಳು ಎಲ್ಲ ದಿಕ್ಕುಗಳಿಂದಲೂ ಬರುತ್ತಾರೆ. ಖರ್ಚು ಮಾತ್ರ ಉತ್ತರದ ಬೊಕ್ಕಸದ್ದು. ಮುದಿ ತಂದೆತಾಯಿಗಳಿದ್ದ ದೊಡ್ಡ ಮನೆ ಎಂದರೆ ಇದೇ. ಪೂರ್ವಕ್ಕೆ ಸಿಕ್ಕಿದ್ದು ಸುಮಾರು 105 ಚದರ ಕಿಲೋಮೀಟರು ನೆಲ, ಅದರ ಮೇಲೆ ಕಿಕ್ಕಿರಿದ ಜನ, ಕೆಳದರ್ಜೆಯ ಬಡಾವಣೆಗಳು ಮತ್ತು ಗಾಜೀಪುರದ ಕಸದ ಬೆಟ್ಟ. 2017ರ ಸೆಪ್ಟೆಂಬರ್ 1ರಂದು ಆ ಬೆಟ್ಟದ ಒಂದು ಭಾಗ ಕುಸಿದು ಇಬ್ಬರು ಪ್ರಾಣ ಬಿಟ್ಟದ್ದು ಅನೇಕರಿಗೆ ನೆನಪಿರಬಹುದು.

ಮೊದಲ ಒಂದೆರಡು ವರ್ಷ ಯಾರಿಗೂ ಏನೂ ತಿಳಿಯಲಿಲ್ಲ. ಮೂರು ಪಾಲಿಕೆ, ಮೂವರು ಮಹಾಪೌರರು, ಮೂವರು ಕಮಿಷನರು, ಮೂರು ಆಯವ್ಯಯ ಪತ್ರಗಳು. ಆಮೇಲೆ ಪೂರ್ವದಲ್ಲಿ ಪೌರಕಾರ್ಮಿಕರ ಸಂಬಳ ನಿಂತಿತು. 2015ರ ಜೂನ್‌ನಲ್ಲಿ ಅವರು ಕೆಲಸ ನಿಲ್ಲಿಸಿದರು. ಬೇಸಗೆಯ ಆ ಬಿಸಿಲಿನಲ್ಲಿ ಕಸವೆಲ್ಲ ರಸ್ತೆಗೆ ಬಂದು ಬಿದ್ದಿತು. ಉಚ್ಚ ನ್ಯಾಯಾಲಯ ನಡುವೆ ಬಂದ ಮೇಲೆ ಹಣ ಬಿಡುಗಡೆಯಾಯಿತು. ಇಷ್ಟಕ್ಕೆ ಮುಗಿಯಲಿಲ್ಲ. 2016ರ ಆರಂಭದಲ್ಲಿ ಮತ್ತೆ, 2017ರಲ್ಲಿ ಮತ್ತೆ, 2018ರಲ್ಲಿ ಮತ್ತೆ. ಮಯೂರ ವಿಹಾರದಲ್ಲಿರುವ ನಮ್ಮವರು ಆ ದಿನಗಳಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಸ್ಸಿಗೆ ಹೋಗುತ್ತಿದ್ದರು. ನದಿ ದಾಟಿ ಲಾಜಪತನಗರಕ್ಕೆ ಬಂದರೆ ಬೀದಿ ಗುಡಿಸಿಟ್ಟಂತಿರುತ್ತಿತ್ತು. ನಡುವೆ ಇದ್ದದ್ದು ಒಂದು ಸೇತುವೆ ಮಾತ್ರ.

ಸಂಬಳವಿಲ್ಲದೆ ಹೊಟ್ಟೆ ಹೊರೆಯಬೇಕಾದ ಕಾರ್ಮಿಕನನ್ನು ದೂರುವವರು ಆಗಲೂ ಇದ್ದರು. ನಮಗೆ ಆ ಮಾತು ಸೇರಲಿಲ್ಲ. ಅವನು ಪೂರ್ವದ ಪಾಲಿಕೆಗೆ ಬೇಕೆಂದು ಹೋದವನಲ್ಲ; ನಕ್ಷೆಯ ಮೇಲೆ ಗೆರೆ ಎಳೆದ ದಿನ ಅವನು ಪೊರಕೆ ಹಿಡಿದು ಯಾವ ಬೀದಿಯಲ್ಲಿದ್ದನೋ ಆ ಬೀದಿ ಪೂರ್ವಕ್ಕೆ ಸೇರಿತು, ಅಷ್ಟೆ. ಅದೇ ಕೆಲಸ ಮಾಡುವ ಅವನ ಷಡ್ಡಕ ದಕ್ಷಿಣದ ಬೀದಿಯಲ್ಲಿದ್ದರೆ ತಿಂಗಳ ಸಂಬಳ ಕೈಗೆ ಬರುತ್ತಿತ್ತು.

ಉತ್ತರದ ಕಥೆಯೂ ಅದೇ ದಾರಿ ಹಿಡಿಯಿತು. 2020ರಲ್ಲಿ, ಕೋವಿಡ್ ಜಾಡ್ಯದ ನಡುವೆಯೇ, ಹಿಂದೂರಾವ್ ಆಸ್ಪತ್ರೆಯ ವೈದ್ಯರು ಬಾಕಿ ಸಂಬಳಕ್ಕಾಗಿ ಮುಷ್ಕರ ಹೂಡಬೇಕಾಯಿತು. ಪ್ರಾಥಮಿಕ ಶಾಲೆಗಳ ಉಪಾಧ್ಯಾಯರೂ ನ್ಯಾಯಾಲಯದ ಬಾಗಿಲಿಗೆ ಹೋದರು. ಬೊಕ್ಕಸದಲ್ಲಿ ಹಣವಿಲ್ಲ ಎಂಬುದು ಸಂಬಳ ಕೊಡದಿರಲು ನೆವವಾಗಲಾರದು ಎಂದು ಉಚ್ಚ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಪಾಲಿಕೆಗಳು ದಿಲ್ಲಿ ಸರಕಾರದತ್ತ ಬೆರಳು ತೋರಿಸಿದವು, ದಿಲ್ಲಿ ಸರಕಾರ ಪಾಲಿಕೆಗಳತ್ತ ತೋರಿಸಿತು. ಎರಡು ಕಡೆಯ ಪಕ್ಷಗಳು ಬೇರೆಬೇರೆ. ಯಾರು ಸರಿ ಯಾರು ತಪ್ಪು ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಇನ್ನೊಂದು ವಿನೋದವನ್ನು ಮಾತ್ರ ಹೇಳಿಬಿಡುತ್ತೇವೆ. ಮಿಂಟೋ ರಸ್ತೆಯ ಬಳಿ ಪಾಲಿಕೆಯ ಹೊಸ ಸಿವಿಕ್ ಸೆಂಟರು ಎಂಬ 28 ಅಂತಸ್ತಿನ ಕಟ್ಟಡವಿದೆಯಷ್ಟೆ. ಪಾಲಾದ ಮೇಲೆ ಅದು ಉತ್ತರದ್ದು. ದಕ್ಷಿಣದ ಕಚೇರಿಯೂ ಅದರಲ್ಲಿಯೇ ಇತ್ತು. ಸರಿ, ತಮ್ಮ ಅಣ್ಣನಿಗೆ ಬಾಡಿಗೆ ಕೊಡಬೇಕೆ ಬೇಡವೆ, ಕೊಟ್ಟರೆ ಎಷ್ಟು ಎಂದು ವರ್ಷಗಟ್ಟಲೆ ಜಗಳ!

ಕೊನೆಗೆ 2022ರಲ್ಲಿ ಸಂಸತ್ತು ಕಾಯಿದೆ ತಿದ್ದಿ ಮೂರನ್ನೂ ಮತ್ತೆ ಒಂದು ಮಾಡಿತು. ಮೇ 22ರಿಂದ ದಿಲ್ಲಿಗೆ ಮತ್ತೆ ಒಂದೇ ಪಾಲಿಕೆ. ಹಂಚಿಕೆ ಸಮವಾಗಿರಲಿಲ್ಲ, ಆದಾಯಕ್ಕೂ ಹೊಣೆಗೂ ನಡುವಿನ ಅಂತರ ವರ್ಷವರ್ಷ ಬೆಳೆಯಿತು, ಸಂಬಳ ಪಿಂಚಣಿಗಳನ್ನು ಹೊತ್ತಿಗೆ ಕೊಡಲಾಗಲಿಲ್ಲ ಎಂಬುದೇ ಮಸೂದೆಯಲ್ಲಿ ಕೊಟ್ಟ ಕಾರಣ. ಹತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಾಗದ ಪೆನ್ಸಿಲು ಹಿಡಿದು ಕುಳಿತಿದ್ದರೆ ಈ ಲೆಕ್ಕ ಸಿಕ್ಕುತ್ತಿರಲಿಲ್ಲವೆ?

ಕೂಡಿದ ಮಾತ್ರಕ್ಕೆ ಬೊಕ್ಕಸ ತುಂಬಲಿಲ್ಲ. ಮೂರು ಸಾಲಗಳು ಕೂಡಿ ಒಂದು ಸಾಲವಾಯಿತು. ಅದಲ್ಲದೆ ಬೇರೊಂದು ತೊಡಕು ಬಂದಿತು. ಅದನ್ನು ಹೇಳುವ ಮುಂಚೆ ಆಯವ್ಯಯ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಎರಡು ಮಾತಿನಲ್ಲಿ ತಿಳಿಯಬೇಕು. ದಿಲ್ಲಿಯ ಕಾಯಿದೆಯ ಪ್ರಕಾರ ಕಮಿಷನರು ಡಿಸೆಂಬರ್ 10ರೊಳಗೆ ಮುಂದಿನ ವರ್ಷದ ಅಂದಾಜನ್ನು ಸ್ಥಾಯಿ ಸಮಿತಿಯ ಮುಂದಿಡಬೇಕು. ಫೆಬ್ರವರಿ 15ರೊಳಗೆ ಸಭೆ ತೆರಿಗೆಯ ದರಗಳನ್ನು ಗೊತ್ತುಮಾಡಬೇಕು. ಮಾರ್ಚ್ 31ರೊಳಗೆ ಇಡೀ ಪತ್ರ ಅಂಗೀಕಾರವಾಗಬೇಕು. ನಡುವೆ ಕುಳಿತು ಒಂದೊಂದು ಬಾಬನ್ನೂ ಕೆದಕಿ ನೋಡುವುದು ಸ್ಥಾಯಿ ಸಮಿತಿಯ ಕೆಲಸ. ಐದು ಕೋಟಿ ರೂಪಾಯಿ ಮೀರಿದ ಗುತ್ತಿಗೆಗೆ ಅದರ ಒಪ್ಪಿಗೆ ಬೇಕಾಗಿತ್ತು. ಮನೆಯಲ್ಲಿ ಕೀಲಿಕೈ ಹಿಡಿದ ಯಜಮಾನಿಯಂತೆ ಎನ್ನಬಹುದು.

2022ರ ಡಿಸೆಂಬರ್‌ನಲ್ಲಿ 250 ವಾರ್ಡುಗಳಿಗೆ ಚುನಾವಣೆಯಾಯಿತು. ಮಹಾಪೌರರ ಆಯ್ಕೆಗೇ ಮೂರು ಸಭೆಗಳು ಕೆಟ್ಟು ನಾಲ್ಕನೆಯದರಲ್ಲಿ, 2023ರ ಫೆಬ್ರವರಿ 22ರಂದು, ಕೆಲಸ ಕೈಗೂಡಿತು. ಸ್ಥಾಯಿ ಸಮಿತಿಯ ಗತಿ ಇನ್ನೂ ಕಷ್ಟ. ನಾಮಕರಣ ಸದಸ್ಯರನ್ನು ಯಾರು ನೇಮಿಸಬೇಕೆಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 2024ರ ಆಗಸ್ಟ್‌ನಲ್ಲಿ ತೀರ್ಪಾಯಿತು. ಸಮಿತಿಗೆ ಅಧ್ಯಕ್ಷರು ಬಂದದ್ದು 2025ರ ಜೂನ್‌ನಲ್ಲಿ. ಅಲ್ಲಿಯವರೆಗೆ, ಎರಡೂವರೆ ವರ್ಷ, ಕೀಲಿಕೈ ಹಿಡಿಯುವವರೇ ಇರಲಿಲ್ಲ. ಮನೆಯೇನೋ ಕೂಡಿತು, ಒಲೆ ಹಚ್ಚುವವರಿಲ್ಲ!

ಇನ್ನು ಬೆಂಗಳೂರಿಗೆ ಬರೋಣ. ಅಲ್ಲಿಯ ಚರಿತ್ರೆಯೂ ಕೂಡುವ, ಕಳೆಯುವ ಲೆಕ್ಕವೇ. ಪೇಟೆಗೊಂದು, ದಂಡಿಗೊಂದು ಎಂದು ಬೇರೆಯಾಗಿದ್ದ ಎರಡು ಪುರಸಭೆಗಳು 1949ರಲ್ಲಿ ಒಂದಾಗಿ ಕಾರ್ಪೊರೇಷನ್ ಆಯಿತು. 2007ರಲ್ಲಿ ಸುತ್ತಲಿನ ಏಳು ನಗರಸಭೆಗಳು, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ಆ 110 ಹಳ್ಳಿಗಳನ್ನು ಸ್ವಲ್ಪ ಗಮನಿಸಿ. ಅಂದಿನಿಂದ ಅವರೂ ಪಟ್ಟಣದ ಕಂದಾಯ ಕಟ್ಟತೊಡಗಿದರು. ಅವರಿಗಾಗಿ ಯೋಜಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನೀರು ಕೊಡುವುದು ಜಲಮಂಡಳಿ, ಪಾಲಿಕೆಯಲ್ಲ, ನಿಜ. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಹಣ ತೆತ್ತ ಮನೆಯೊಡತಿಗೆ ಆ ಭೇದದಿಂದ ಏನು ಬಂತು? ಆದ್ದರಿಂದ ಒಂದಾಗಿ ಇರುವುದೇ ಒಳ್ಳೆಯದು ಎಂದು ಕಣ್ಣುಮುಚ್ಚಿ ಹೇಳುವವರ ಗುಂಪಿಗೂ ನಾವು ಸೇರಲಾರೆವು. ಬಿ.ಎಸ್. ಪಾಟೀಲರ ಸಮಿತಿ ಬೆಂಗಳೂರನ್ನು ಒಡೆಯಬೇಕೆಂದು ಸಲಹೆ ಕೊಟ್ಟಾಗ ಅವರ ಮುಂದಿದ್ದ ತೊಂದರೆಗಳು ಸುಳ್ಳೇನಲ್ಲ.

2024ರ ಕಾಯಿದೆ 2025ರ ಮೇ 15ರಿಂದ ಜಾರಿಗೆ ಬಂದಿತು. ಸೆಪ್ಟೆಂಬರ್ 2ರಂದು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಹುಟ್ಟಿದವು. ಇವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ದಿಲ್ಲಿಯಲ್ಲಿ ಪಾಲಾದಾಗ ಮೇಲೆ ಇಂಥ ಹಿರಿಯರ ಪೀಠವೊಂದು ಇರಲಿಲ್ಲ. ಈ ವ್ಯತ್ಯಾಸವನ್ನು ಒಪ್ಪಬೇಕು. ಹಿರಿಯರು ತೋಟದವನ ಕೈಯಿಂದ ಕಲ್ಲು ಹೊಲದವನಿಗೆ ನಾಲ್ಕು ಕಾಸು ಕೊಡಿಸುತ್ತಾರೆಯೋ, ಎಲ್ಲರ ಕೀಲಿಕೈಯನ್ನೂ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆಯೋ, ನೋಡಬೇಕು.

ಏಕೆಂದರೆ ಇಲ್ಲಿಯೂ ತೋಟವೊಂದಿದೆ. 2024-25ರಲ್ಲಿ ಪಾಲಿಕೆಗೆ ಬಂದ ಆಸ್ತಿ ತೆರಿಗೆ ಸುಮಾರು 4,900 ಕೋಟಿ. ಅದನ್ನು ತರುವುದರಲ್ಲಿ ಮುಂಚೂಣಿಯಲ್ಲಿದ್ದದ್ದು ಕಂಪ್ಯೂಟರ್ ಕಂಪನಿಗಳು ತುಂಬಿರುವ ಮಹದೇವಪುರ ವಲಯ. ಅದು ಈಗ ಪೂರ್ವ ಪಾಲಿಕೆಯದು. ದಿಲ್ಲಿಯಲ್ಲಿ ಪೂರ್ವ ಬಡವ, ಬೆಂಗಳೂರಿನಲ್ಲಿ ಪೂರ್ವ ಸಾಹುಕಾರ! ಆ ವಲಯದವರ ದೂರೂ ನ್ಯಾಯವಾದದ್ದೇ: ಇಷ್ಟು ಕಟ್ಟಿದರೂ ನಮ್ಮ ರಸ್ತೆಯ ಗುಂಡಿ ಮುಚ್ಚಲಿಲ್ಲ ಎಂದು. ಅವರ ಹಣ ಅವರ ರಸ್ತೆಗೆ ಎಂದರೆ ಅವರಿಗೆ ಹಿತ. ಆದರೆ ಆ ಕಚೇರಿಗಳಿಗೆ ಬೆಳಗ್ಗೆ ಎದ್ದು ಬರುವ ಕೆಲಸಗಾರರಲ್ಲಿ ಬಹುಮಂದಿ ಮಲಗುವುದು ಬೇರೆ ಪಾಲಿಕೆಗಳಲ್ಲಿ. ಅವರ ಮನೆಯ ಕಸ, ಅವರ ಮಕ್ಕಳ ಆಟದ ಬಯಲು, ಅವರ ಬೀದಿ ದೀಪ ಅಲ್ಲಿಯ ಲೆಕ್ಕಕ್ಕೆ.

ಇನ್ನೊಂದು ಸಂಗತಿ ನಮ್ಮನ್ನು ಇದಕ್ಕಿಂತಲೂ ಹೆಚ್ಚು ಕಾಡಿದೆ. ಬೆಂಗಳೂರಿನ ಚುನಾಯಿತ ಪುರಪಿತೃಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆಯಾಗಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿ ಹೇಳುತ್ತದೆ. ಆಗಲಿಲ್ಲ. ವಾರ್ಡುಗಳು 198 ಎಂದರು, 243 ಎಂದರು, 225 ಎಂದರು. ಆ ಪಾಲಿಕೆ ಇಲ್ಲವಾಗುವವರೆಗೆ ಒಂದಾದ ಮೇಲೊಂದು ಐದು ಆಯವ್ಯಯಗಳು ಚುನಾಯಿತ ಸದಸ್ಯನೊಬ್ಬನೂ ಇಲ್ಲದೆ, ಅಧಿಕಾರಿಗಳ ಕೈಯಿಂದಲೇ ಹೊರಬಂದವು. ಕೊನೆಯದು, 2025-26ರದು, 19,900 ಕೋಟಿಗೂ ಮಿಕ್ಕಿದ್ದು. ಅಧಿಕಾರಿಗಳು ದಕ್ಷರಿರಬಹುದು. ಆದರೆ ಅಷ್ಟು ಹಣದ ಪತ್ರವನ್ನು ಓದುವಾಗ ಎದ್ದು ನಿಂತು, “ಸ್ವಾಮಿ, ಹೋದ ವರ್ಷವೂ ನನ್ನ ವಾರ್ಡಿನ ಮೋರಿಗೆ ಹಣ ಬರೆದಿದ್ದಿರಿ, ಮೋರಿ ಎಲ್ಲಿ?” ಎಂದು ಕೇಳುವ ಒಬ್ಬ ಒರಟು ಮನುಷ್ಯನಾದರೂ ಸಭೆಯಲ್ಲಿ ಬೇಕು. ದಿಲ್ಲಿಯಲ್ಲಿ ಇಷ್ಟೆಲ್ಲ ರಂಪವಾದರೂ ಆ ಒರಟು ಮನುಷ್ಯರಿಗೇನೂ ಕೊರತೆಯಿಲ್ಲ.

ಇದನ್ನೆಲ್ಲ ಅತ್ತೆಯವರಿಗೆ ವಿವರಿಸುವ ಹೊತ್ತಿಗೆ ಕಾಫಿ ಎರಡು ಸಲ ಆಗಿತ್ತು. ಅವರು ರಸೀತಿಗಳನ್ನು ವರ್ಷವಾರು ಜೋಡಿಸಿ ಮತ್ತೆ ದಾರ ಸುತ್ತುತ್ತಿದ್ದರು. ಅಡಿಯಲ್ಲಿದ್ದವು ಕಾರ್ಪೊರೇಷನ್ನಿನ ಕಾಲದ ಹಳದಿಗಟ್ಟಿದ ಚೀಟಿಗಳು, ಮೇಲಿದ್ದವು ನಾವೇ ಇಲ್ಲಿಂದ ಅಚ್ಚು ಮಾಡಿ ಕಳಿಸಿದ ಬೃಹತ್ ಪಾಲಿಕೆಯವು.

“ಹಾಗಾದರೆ ಇನ್ನು ಮೇಲೆ ಲೆಕ್ಕ ಕೇಳಬೇಕಾದರೆ ನಾನು ಪಶ್ಚಿಮದವರನ್ನ ಕೇಳಬೇಕು, ರಾಜು ಪೂರ್ವದವರನ್ನ ಕೇಳಬೇಕು,” ಎಂದರು. ಹೌದೆಂದೆವು.

“ಕೇಳೋಣ. ಮೊದಲು ನೀವು ಏಪ್ರಿಲ್ ಮುಗಿಯೋದರೊಳಗೆ ಕಟ್ಟಿಬಿಡಿ, ನೂರಕ್ಕೆ ಐದು ಸೋಡಿ ಸುಮ್ಮನೆ ಹೋಗುತ್ತೆ.”