ಕಂಪ್ಯೂಟರ್ ಬಂತು, ಕೈ ಪಳಗಿತೇ?

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಂಥ ಊರುಗಳಲ್ಲಿ ಒಂದೇ ಹೆಸರಿನವರು ನಾಲ್ಕಾರು ಮಂದಿ ಇರುವುದುಂಟು. ಒಬ್ಬರ ಕಫ ಪರೀಕ್ಷೆಯ ಫಲಿತಾಂಶ ಇನ್ನೊಬ್ಬರ ಹೆಸರಿಗೆ ಸೇರಿದರೆ ಕ್ಷಯರೋಗಿಗೆ ಔಷಧ ತಪ್ಪುತ್ತದೆ.

ಕ್ಷಯರೋಗಿಗಳ ವಿವರ ದಾಖಲಿಸುವ ‘ನಿಕ್ಷಯ್’ ಗಣಕ ವ್ಯವಸ್ಥೆ ಬಂದದ್ದು 2012ರಲ್ಲಿ. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು; ಬಯಸಿದವರಿಗೆ 14 ಅಂಕಿಗಳ ‘ಆಭಾ’ ಸಂಖ್ಯೆ ಸಿಗುತ್ತದೆ. ಯಂತ್ರ ಒಂದೇ ದಿನದಲ್ಲಿ ಬರಬಹುದು. ವರ್ಷಗಟ್ಟಲೆ ರಿಜಿಸ್ಟರ್ ಬರೆದ ಲ್ಯಾಬ್ ಟೆಕ್ನೀಷಿಯನ್ ಅದಕ್ಕೆ ಪಳಗಲು ಕಾಲ ಬೇಕು. ಕೆಲವು ದಿನ ಎರಡನ್ನೂ ತಾಳೆ ನೋಡಬೇಕು, ಬಲ್ಲವರು ಪಕ್ಕದಲ್ಲಿರಬೇಕು, ತಪ್ಪಾದರೆ ಅಂಜದೆ ಹೇಳುವಂತಿರಬೇಕು.

ಈ ಕೋರ್ಸಿಗೆ ಮಕ್ಕಳನ್ನು ಸೇರಿಸುವ ಪಾಲಕರು, ಆಸ್ಪತ್ರೆಯಲ್ಲಿ ಎಷ್ಟು ದಿನ ತರಬೇತಿ ಎಂದು ಮೊದಲೇ ಕೇಳಲಿ. ತಂತ್ರಾಂಶ ಬದಲಾದೀತು; ಹೆಸರಿನೊಡನೆ ತಂದೆಯ ಹೆಸರು, ವಯಸ್ಸು ಕೇಳಿ ಖಚಿತಪಡಿಸಿಕೊಳ್ಳುವ ಅಭ್ಯಾಸ ಬದಲಾಗಬಾರದು.